ಹೋಗಿ ಬರುತ್ತೇವೆ ಎಂಬ ಮಾತು

ನಮ್ಮ ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಹಳ್ಳಿಗಳಿಂದ ಉದ್ಯೋಗಕ್ಕೆಂದು ಹೊರಟ ಮಕ್ಕಳ ದಾರಿ ಒಂದು ಕಾಲದಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿಯೋ, ಹುಬ್ಬಳ್ಳಿ, ಗೋವೆ, ಮುಂಬಯಿಗಳಲ್ಲಿಯೋ ಮುಗಿಯುತ್ತಿತ್ತು. ಇಂದು ಅದೇ ದಾರಿ ಕೊಲ್ಲಿ ರಾಷ್ಟ್ರಗಳನ್ನು ದಾಟಿ ಲಂಡನ್, ಟೊರಾಂಟೊ, ಟೆಕ್ಸಾಸ್‌ವರೆಗೂ ಚಾಚಿದೆ. ಮಗಳ ಹೆರಿಗೆ, ಮೊಮ್ಮಗುವಿನ ಜ್ಞಾನಸ್ನಾನ, ಹೊಸ ಮನೆಯ ಆಶೀರ್ವಾದ ಎಂದು ಅಲ್ಲಿಂದ ಕರೆ ಬರುತ್ತದೆ: ‘ಅಪ್ಪ ಅಮ್ಮ ಬರಬೇಕು, ಅತ್ತೆ ಮಾವ ಬರಬೇಕು.’ ಆಗ ಗದ್ದೆ, ದನಕರು ಬಿಟ್ಟು ದೂರ ಹೋಗಿರದ ಹಿರಿಯರು ವೀಸಾ ಎಂಬ ಬಾಗಿಲಿನ ಮುಂದೆ ನಿಲ್ಲಬೇಕಾಗುತ್ತದೆ. ಅಲ್ಲಿ ಕೇಳುವ ಪ್ರಶ್ನೆಗಳು ಹಲವು. ಸಾರ ಮಾತ್ರ ಒಂದೇ: ‘ನೀವು ಮರಳಿ ಹೋಗುತ್ತೀರಾ?’ ಈ ಪ್ರಶ್ನೆಯನ್ನು ಅಧಿಕಾರಿಗಳಿಗಿಂತ ಮೊದಲು ನಾವು, ಅದರಲ್ಲಿಯೂ ಪರದೇಶದಲ್ಲಿರುವ ಮಕ್ಕಳು, ಅಳಿಯಂದಿರು, ಸೊಸೆಯಂದಿರು, ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಅಮೇರಿಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಆ ದೇಶದ 1952ರ ವಲಸೆ ಕಾಯ್ದೆಯ 214(ಬಿ) ವಿಧಿಯ ಪ್ರಕಾರ, ಸಂದರ್ಶಕ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲಿಯೇ ನೆಲೆಸಲು ಬರುವವನೆಂದು ಮೊದಲೇ ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ನ್ಯಾಯಾಲಯದಲ್ಲಿ ಅಪರಾಧ ಸಿದ್ಧವಾಗುವವರೆಗೆ ಆರೋಪಿ ನಿರಪರಾಧಿ, ಇಲ್ಲಿ ಹಾಗಲ್ಲ. 2023ರಿಂದ ಅರ್ಜಿಯ ಶುಲ್ಕ ಒಬ್ಬರಿಗೆ 185 ಡಾಲರ್. ವೀಸಾ ದೊರೆಯದಿದ್ದರೂ ಅದು ಮರಳಿ ಬಾರದು. ನಮ್ಮ ಕಡೆಯವರು ಬೆರಳಚ್ಚಿಗೂ ಸಂದರ್ಶನಕ್ಕೂ ಚೆನ್ನೈಯಂಥ ದೂರದ ನಗರಕ್ಕೆ ಹೋಗಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೇರಿಕದ ಕಾನ್ಸುಲೇಟು ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆ ಇರಲಿಲ್ಲ. 79 ವರ್ಷ ಮೀರಿದವರಿಗೆ ಹಿಂದೆ ಇದ್ದ ಸಂದರ್ಶನದ ವಿನಾಯಿತಿಯೂ 2025ರ ಸೆಪ್ಟೆಂಬರ್ 2ರಿಂದ ರದ್ದಾಯಿತು. ಎರಡು ಹಗಲು ರಾತ್ರಿ ಪ್ರಯಾಣ ಮಾಡಿ ಹೋದ ವೃದ್ಧ ದಂಪತಿಗಳ ಭವಿಷ್ಯ ಕಿಟಕಿಯ ಮುಂದೆ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ.

ಇಲ್ಲಿ ಅನೇಕರು ತಿಳಿಯದ ಸಂಗತಿಯೊಂದಿದೆ. ಅಳಿಯನ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಕರೆಯೋಲೆ ಇವುಗಳ ಕಟ್ಟನ್ನು ಹೊತ್ತು ಹೋದರೆ ಕೆಲಸವಾಯಿತೆಂದು ನಮ್ಮವರು ನಂಬುತ್ತಾರೆ. ಆದರೆ ಅರ್ಜಿದಾರನ ಅರ್ಹತೆಯನ್ನು ಅವನ ಸ್ವಂತ ನೆಲೆ ಮತ್ತು ಸಂಬಂಧಗಳಿಂದ ಅಳೆಯಬೇಕೇ ಹೊರತು ಅಮೇರಿಕದಲ್ಲಿರುವ ಬಂಧುಗಳ ಭರವಸೆಯಿಂದಲ್ಲ ಎಂಬುದು ಆ ಸರಕಾರದ್ದೇ ಸ್ಪಷ್ಟ ಮಾತು. ಅಂದರೆ ತೇರಗಾಂವದಂಥ ಊರಿನ ರೈತನೊಬ್ಬ ಅಲ್ಲಿ ನಿಲ್ಲಬೇಕಾದದ್ದು ಅಳಿಯನ ಹಣದ ಮೇಲಲ್ಲ. ತನ್ನ ಭತ್ತದ ಗದ್ದೆ, ಕಬ್ಬಿನ ಹೊಲ, ಹಂಚಿನ ಮನೆ, ಊರಿನಲ್ಲಿ ಉಳಿದ ಮಗ, ತಾನು ಸದಸ್ಯನಾಗಿರುವ ಸೊಸಾಯಿಟಿ, ಇವುಗಳ ಮೇಲೆ. ‘ನನಗೆ ಮರಳಿ ಬರಲು ಒಂದು ಊರಿದೆ’ ಎಂಬುದೇ ಅವನ ನಿಜವಾದ ದಾಖಲೆ.

ಕೆನಡಾ ದೇಶದ ರೀತಿ ಬೇರೆ. 2011ರಲ್ಲಿ ಆರಂಭವಾದ ‘ಸೂಪರ್ ವೀಸಾ’ದ ಮೇಲೆ ತಂದೆತಾಯಿಗಳು, ಅಜ್ಜ ಅಜ್ಜಿಯರು 2022ರ ಜುಲೈಯಿಂದ ಒಮ್ಮೆಗೆ ಐದು ವರ್ಷದವರೆಗೂ ಇರಬಹುದಾಗಿದೆ. ಅಲ್ಲಿ ಕರೆಯುವವರ ಆದಾಯವನ್ನು ನೋಡುತ್ತಾರೆ; ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆಯನ್ನೂ ವೈದ್ಯಕೀಯ ತಪಾಸಣೆಯನ್ನೂ ಕಡ್ಡಾಯ ಮಾಡಿದ್ದಾರೆ. ಕರೆಯುವವರು ಸ್ವಂತ ಮಗ, ಮಗಳು ಅಥವಾ ಮೊಮ್ಮಕ್ಕಳಾಗಿರಬೇಕು. ಅಳಿಯ ಎಷ್ಟೇ ಗಳಿಸಲಿ, ಅತ್ತೆ ಮಾವಂದಿರಿಗೆ ಕರೆಯೋಲೆ ಮಗಳ ಹೆಸರಿನಿಂದಲೇ ಬರಬೇಕು.

ಕಾಗದಪತ್ರಗಳ ಗೋಜಲೂ ಸಣ್ಣದಲ್ಲ. ನಮ್ಮಲ್ಲಿ ಒಬ್ಬನೇ ಮನುಷ್ಯ ಪಹಣಿ ಉತಾರದಲ್ಲಿ ‘ಜುಜೆ’, ಆಧಾರ ಚೀಟಿಯಲ್ಲಿ ‘ಜೋಸೆಫ್’. ಅವನ ಹೆಂಡತಿ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮೊದಲೇ ಇವನ್ನು ಸರಿಪಡಿಸಿಕೊಳ್ಳುವುದು ಜಾಣತನ. ಧರ್ಮಕೇಂದ್ರದ ಗುರುಗಳು ಪುಸ್ತಕದಲ್ಲಿರುವುದನ್ನು ಬರೆದುಕೊಡಬಲ್ಲರು. ಇಲ್ಲದ ಆಸ್ತಿಯನ್ನು, ಇಲ್ಲದ ಹುದ್ದೆಯನ್ನು ಬರೆದುಕೊಡಲಾರರು. ‘ಹೆರಿಗೆಗೆ ಹೋಗುತ್ತೇವೆಂದು ಹೇಳಬೇಡಿ, ಊರು ನೋಡಲು ಎಂದು ಹೇಳಿ’ ಎಂದು ಕಲಿಸಿಕೊಡುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಬಾರದು. ಮಗಳ ಬಾಣಂತನಕ್ಕೆ ತಾಯಿ ಹೋಗುವುದು ನಾಚಿಕೆಪಡುವ ವಿಷಯವೇ? ಸತ್ಯ ಹೇಳಿ ನಿರಾಕರಣೆಗೊಂಡವನು ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಹೀಗೆ ಸಂಶಯಿಸುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ತನ್ನ ಊರಿನ ಸೀಮೆಯನ್ನು ಬಿಟ್ಟು ದೂರ ಹೋಗದ ಜರ್ಮನ್ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆಯುವಾಗ ಈ ವಿಷಯವನ್ನು ವಿಚಾರಿಸಿದ್ದಾನೆ. ಭೂಮಿ ಗುಂಡಗಿರುವುದರಿಂದ ಮನುಷ್ಯರು ಕೊನೆಯಿಲ್ಲದೆ ಚದುರಿ ಹೋಗಲಾರರು, ಒಬ್ಬರನ್ನೊಬ್ಬರು ಸಹಿಸಿಕೊಳ್ಳಲೇಬೇಕು. ಆದ್ದರಿಂದ ಪರಕೀಯನಿಗೆ ಭೇಟಿಯ ಹಕ್ಕುಂಟು, ಆದರೆ ನೆಲೆಸುವ ಹಕ್ಕು ತಾನಾಗಿಯೇ ಬರುವುದಿಲ್ಲ ಎಂಬುದು ಅವನ ವಾದ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿಯೂ ಯಾವುದೇ ದೇಶವನ್ನು ಬಿಟ್ಟು ಹೊರಡುವ, ಸ್ವದೇಶಕ್ಕೆ ಮರಳುವ ಹಕ್ಕನ್ನು ಸಾರುತ್ತದೆ. ಇನ್ನೊಂದು ದೇಶವನ್ನು ಹೊಗುವ ಹಕ್ಕನ್ನು ಹೇಳುವುದಿಲ್ಲ. ಹೊರಡುವ ಹಕ್ಕಿದೆ, ಹೊಗುವ ಹಕ್ಕಿಲ್ಲ! ಈ ಎರಡರ ನಡುವಿನ ಕಿರುದಾರಿಯಲ್ಲಿ ನಮ್ಮ ಹಿರಿಯರು ನಿಂತಿದ್ದಾರೆ. ದೇಶವೊಂದು ತನ್ನ ಬಾಗಿಲು ಕಾಯುವುದನ್ನು ತಪ್ಪೆನ್ನಲಾಗದು. ಆದರೆ ಮೊಮ್ಮಗುವಿನ ಮುಖ ನೋಡಹೋಗುವ ಅಜ್ಜಿಯನ್ನು ಮೊದಲಿಗೇ ಅವಿಶ್ವಾಸದಿಂದ ಕಾಣುವ ನಿಯಮ ಮನುಷ್ಯತ್ವಕ್ಕೆ ಒಪ್ಪುವಂಥದ್ದೆಂದು ಹೇಳಲಾರೆ.

ನಮ್ಮ ನೆರೆಯ ಮುಂಡಗೋಡದ ಟಿಬೇಟಿಯನ್ ಬಾಂಧವರನ್ನು ನೋಡಿದರೆ ನಮ್ಮ ಕಷ್ಟ ಹಗುರವೆನಿಸುತ್ತದೆ. 1966ರಲ್ಲಿ ಸ್ಥಾಪನೆಯಾದ ಆ ವಸಾಹತಿನ ಅನೇಕ ಕುಟುಂಬಗಳವರು ಇಂದು ಅಮೇರಿಕ, ಕೆನಡಾಗಳಲ್ಲಿದ್ದಾರೆ. ಪಾಸ್‌ಪೋರ್ಟ್ ಇಲ್ಲದ ಹಿರಿಯರು ಭಾರತ ಸರಕಾರ ಕೊಡುವ ಗುರುತಿನ ಪ್ರಮಾಣಪತ್ರದ ಮೇಲೆ ಪ್ರಯಾಣ ಮಾಡುತ್ತಾರೆ. ಹೋಗುವ ದೇಶದ ವೀಸಾ ಮಾತ್ರವಲ್ಲ, ಭಾರತಕ್ಕೆ ಮರಳಲೂ ಅನುಮತಿ ಪಡೆದೇ ಹೊರಡಬೇಕು. ಮರಳುವ ಊರು ನಮ್ಮದೇ ಎಂದು ನಿಶ್ಚಿಂತೆಯಿಂದ ಹೇಳುವ ನಮ್ಮ ಭಾಗ್ಯ ಎಲ್ಲರಿಗೂ ಇಲ್ಲ.

ಇರಲಿ, ಅಧಿಕಾರಿಗಳ ಮಾತು ಸಾಕು. ಮನೆಯೊಳಗಿನ ಮಾತೇ ಹೆಚ್ಚು ಮುಖ್ಯ. ಮಗಳ ಮನೆಯಲ್ಲಿ ಹೆಚ್ಚು ದಿನ ಉಳಿಯಬಾರದೆಂಬುದು ನಮ್ಮ ಹಿರಿಯರ ಸಂಕೋಚ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದ ಪದ್ಧತಿ ಹೋಗಿ, ತವರೇ ಮಗಳ ಬಳಿಗೆ ವಿಮಾನ ಹತ್ತುವ ಕಾಲ ಬಂದಿದೆ. ಸಂತೋಷ. ಆದರೆ ಬಾಣಂತನ ಮುಗಿದ ಮೇಲೆ ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಹೆಣ್ಣಿನ ತಾಯಿ, ಅವಳು ಮರಳಿದ ಕೂಡಲೇ ಗಂಡಿನ ತಾಯಿ ಎಂದು ಸರದಿ ಹಚ್ಚುವಾಗ, ನಾವು ಅತಿಥಿಗಳನ್ನು ಕರೆಯುತ್ತಿದ್ದೇವೆಯೋ ಸಂಬಳವಿಲ್ಲದ ಆಯಾಗಳನ್ನೋ? ಬ್ರಿಟನ್ನಿನ ವೀಸಾ ಮಾರ್ಗದರ್ಶಿಯಲ್ಲಿಯೇ ಈ ಭೇದವಿದೆ: ಬಂಧುವೊಬ್ಬರು ಅಲ್ಪಕಾಲ ಬಂದು ಮಗುವನ್ನು ನೋಡಿಕೊಂಡರೆ ಅಡ್ಡಿಯಿಲ್ಲ, ಅದು ದಾದಿಯ ಉದ್ಯೋಗದ ರೂಪ ತಾಳಬಾರದು. ಮನುಷ್ಯನನ್ನು ಕೇವಲ ಸಾಧನವಾಗಿ ಕಾಣಬೇಡವೆಂದವನೂ ಅದೇ ಕಾಂಟ್.

ಹಿಮ ಬೀಳುವ ಊರಿನಲ್ಲಿ, ಭಾಷೆ ಬಾರದ ಬೀದಿಯಲ್ಲಿ, ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರುವ ಮುದುಕರ ಏಕಾಂತ ಸಾಮಾನ್ಯವಲ್ಲ. ಅಮೇರಿಕದಲ್ಲಿ ಸಂದರ್ಶಕರಿಗೆ ಸರಕಾರಿ ವೈದ್ಯಕೀಯ ರಕ್ಷಣೆಯಿಲ್ಲ. ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಅನೇಕ ವಿಮೆಗಳು ಒಪ್ಪುವುದಿಲ್ಲ. ಇವನ್ನೆಲ್ಲ ಮೊದಲೇ ವಿಚಾರಿಸುವುದು ಮಕ್ಕಳ ಕರ್ತವ್ಯ.

ಆದುದರಿಂದ ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ ಕೆಲವು ವಿನಂತಿಗಳು. ಅರ್ಜಿ ತುಂಬುವ ಮೊದಲು ಹಿರಿಯರ ಇಚ್ಛೆಯನ್ನು ಕೇಳಿ. ಹೆಣ್ಣಿನ ಕಡೆಯ, ಗಂಡಿನ ಕಡೆಯ ಬೀಗರಿಬ್ಬರನ್ನೂ ಸಮಾನ ಗೌರವದಿಂದ ಕರೆಯಿರಿ. ವಿಧವೆಯಾಗಿ ಒಂಟಿಯಾಗಿರುವ ಅತ್ತೆಯನ್ನು ಮರೆಯಬೇಡಿ. ಮರುಪ್ರಯಾಣದ ಟಿಕೇಟು ಅವರ ಕೈಯಲ್ಲಿಯೇ ಇರಲಿ. ಗೋವಿನಜೋಳದ ಕೊಯ್ಲಿಗೋ ಊರ ಹಬ್ಬಕ್ಕೋ ಮರಳಬೇಕೆಂದರೆ ತಡೆಯಬೇಡಿ. ‘ಅಪ್ಪ ಇನ್ನು ನಮ್ಮಲ್ಲೇ ಇರಲಿ’ ಎಂದು ಹೇಳಿ ಅವರ ಹೊಲ ಮನೆಗಳನ್ನು ಮಾರಿಸಬೇಡಿ. ವೀಸಾ ಅಧಿಕಾರಿ ಹುಡುಕುವ ಬೇರನ್ನು ನೀವೇ ಕಿತ್ತಂತಾದೀತು. ವೀಸಾ ದೊರೆಯದಿದ್ದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ನೀವೇ ಮಗುವನ್ನೆತ್ತಿಕೊಂಡು ಬನ್ನಿ.

ಜುಲೈ 26ರಂದು ನಾವು ಸ್ಮರಿಸುವ ಸಂತ ಜೋವಾಕಿಮ ಮತ್ತು ಸಂತ ಅನ್ನಮ್ಮನವರು ಯೇಸುವಿನ ಅಜ್ಜ ಅಜ್ಜಿಯರು ಮಾತ್ರವಲ್ಲ, ಸಂತ ಜೋಸೆಫರ ಅತ್ತೆ ಮಾವಂದಿರೂ ಹೌದು ಎಂಬುದನ್ನು ಅಳಿಯಂದಿರು ನೆನೆಯಲಿ.

ಕನ್ನಡಿಗರು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಚೆನ್ನೈಯ ಕಿಟಕಿಯಲ್ಲಿ ಕೇಳುವ ಪ್ರಶ್ನೆಗೆ ನಮ್ಮ ಹಿರಿಯರ ನಾಲಿಗೆಯಲ್ಲಿ ಉತ್ತರ ಮೊದಲೇ ಇದೆ. ಆ ಉತ್ತರ ಸತ್ಯವಾಗಿ ಉಳಿಯುವಂತೆ, ಅವರು ಮರಳುವ ಮನೆಯಲ್ಲಿ ದೀಪ ಉರಿಯುತ್ತಿರುವಂತೆ ನೋಡಿಕೊಳ್ಳುವುದು ಮಕ್ಕಳ ಕೈಯಲ್ಲಿದೆ.