ಆಕಾಶದ ಅರಮನೆಗಳೂ ಮಣ್ಣು ಕಳೆದುಕೊಂಡವರೂ

ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ನಿಂತಿರುವ ಬೃಹತ್ ಜಾಹೀರಾತು ಫಲಕಗಳನ್ನು ಗಮನಿಸಿದ್ದೀರಾ? ಮೋಡಗಳ ನಡುವೆ ಮನೆ, ತಾರಸಿಯ ಮೇಲೆ ಈಜುಕೊಳ, ಯಾರ ಕಣ್ಣೂ ಬೀಳದ ಏಕಾಂತ. ಇದಕ್ಕೆ ಪೆಂಟ್‌ಹೌಸ್ ಎಂದು ಹೆಸರು. ಕೆಲವು ತಿಂಗಳ ಹಿಂದೆ ಹೊಸಕೋಟೆಯ ನಿಕಾಹ್ ಸಮಾರಂಭವೊಂದರಲ್ಲಿ ಊಟದ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇಂತಹ ಮನೆಯ ಬಣ್ಣದ ಪುಸ್ತಿಕೆಯನ್ನು ಎಲ್ಲರಿಗೂ ತೋರಿಸುತ್ತಿದ್ದರು. ತಂದೆಯ ಕಾಲದ ರಾಗಿ ಹೊಲ ಮಾರಿದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಮಗನಿಗಾಗಿ ಅದನ್ನು ಕೊಳ್ಳುವ ಆಸೆ ಅವರದು. ಅಲ್ಲಿದ್ದವರೆಲ್ಲ "ಮಾಷಾ ಅಲ್ಲಾಹ್" ಎಂದರು. ಹೊಲದ ಬಗ್ಗೆ ಯಾರೂ ಕೇಳಲಿಲ್ಲ. ಆ ಮೌನವೇ ಈ ಲೇಖನಕ್ಕೆ ಕಾರಣ.

ಮೊದಲು ಈ ವ್ಯಾಮೋಹದ ಚರಿತ್ರೆಯನ್ನು ನೋಡೋಣ. ಪೆಂಟ್‌ಹೌಸ್ ಎಂಬ ಪದದ ಮೂಲಾರ್ಥ ಗೋಡೆಗೆ ಒರಗಿಸಿ ಕಟ್ಟಿದ ಇಳಿಜಾರು ಮಾಡು ಎಂದಷ್ಟೇ. ಪ್ರಾಚೀನ ರೋಮಿನ ಬಹುಮಹಡಿ ಕಟ್ಟಡಗಳಲ್ಲಿ ಸಿರಿವಂತರು ಕೆಳಗಿರುತ್ತಿದ್ದರು. ಮೆಟ್ಟಿಲು ಹತ್ತಿ ನೀರು ಹೊರುವ ಕಷ್ಟ ಮೇಲಿನ ಬಡವರ ಪಾಲಾಗಿತ್ತು. 1857ರಲ್ಲಿ ನ್ಯೂಯಾರ್ಕಿನ ಅಂಗಡಿ ಕಟ್ಟಡವೊಂದರಲ್ಲಿ ಎಲಿಷಾ ಓಟಿಸ್‌ನ ಸುರಕ್ಷಿತ ಲಿಫ್ಟ್ ಜನರನ್ನು ಹೊತ್ತು ಮೇಲೇರಿತು. ಕ್ರಮೇಣ ಮಹಡಿಗಳ ಜಾತಿಪದ್ಧತಿ ತಲೆಕೆಳಗಾಯಿತು. ಬಡವ ಕೆಳಗಿಳಿದ, ಧನಿಕ ಮೇಲೇರಿದ. 1920ರ ದಶಕದಲ್ಲಿ ಅದೇ ನಗರದ ಫಿಫ್ತ್ ಅವೆನ್ಯೂವಿನಲ್ಲಿ ಮಾರ್ಜೊರಿ ಪೋಸ್ಟ್ ಎಂಬ ಸಿರಿವಂತೆ ತನ್ನ ಬಂಗಲೆಯನ್ನು ಕೆಡವಲು ಒಪ್ಪಿದ್ದು, ಅಲ್ಲಿ ಏಳುವ ಕಟ್ಟಡದ ನೆತ್ತಿಯ ಮೇಲೆ ತನಗೆ 54 ಕೋಣೆಗಳ ಮನೆ ಕಟ್ಟಿಕೊಡಬೇಕೆಂಬ ಕರಾರಿನ ಮೇಲೆ.

ಇದೇ ಕಥೆ ನಮ್ಮ ರಾಜಧಾನಿಯಲ್ಲಿಯೂ ಮರುಕಳಿಸಿತು. ವಿಠ್ಠಲ್ ಮಲ್ಯ ರಸ್ತೆಯಲ್ಲಿ ವಿಜಯ್ ಮಲ್ಯರ ಕುಟುಂಬದ ಹಳೆಯ ಮನೆಯಿದ್ದ ಜಾಗದಲ್ಲಿ 34 ಅಂತಸ್ತುಗಳ ಕಿಂಗ್‌ಫಿಷರ್ ಟವರ್ಸ್ ಎದ್ದು ನಿಂತಿತು. ಅದರ ಶಿಖರದಲ್ಲಿ ಅಮೆರಿಕದ ಶ್ವೇತಭವನವನ್ನು ನೆನಪಿಸುವ, ಸುಮಾರು 40,000 ಚದರ ಅಡಿಯದೆಂದು ವರದಿಯಾದ ಮಹಲು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದಾಗ ಅದರ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಯಲ್ಲಿದ್ದರು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಎತ್ತರದ ಮನೆಯ ಒಡೆಯನಿಗೆ ನೆಲದ ಮೇಲಿನವರ ಗೋಳು ಕೇಳಿಸುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ಇನ್ನು ನಮ್ಮ ಜಿಲ್ಲೆಗೆ ಬರೋಣ. ದೇವನಹಳ್ಳಿ ಟಿಪ್ಪು ಸುಲ್ತಾನರ ಹುಟ್ಟೂರು. ಚಕ್ಕೋತದ ತೋಟಗಳಿಗೆ ಹೆಸರಾದ ನೆಲ. 2008ರ ಮೇ ತಿಂಗಳಲ್ಲಿ ಸುಮಾರು 4,000 ಎಕರೆ ವ್ಯಾಪ್ತಿಯ ವಿಮಾನ ನಿಲ್ದಾಣ ಇಲ್ಲಿ ಆರಂಭವಾದಂದಿನಿಂದ ಈ ಮಣ್ಣಿಗೆ ಬೆಳೆಯ ಲೆಕ್ಕ ಹೋಗಿ ಚದರ ಅಡಿಯ ಲೆಕ್ಕ ಬಂತು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ರದ್ದುಪಡಿಸಿ, ರೈತನಲ್ಲದವನೂ ಕೃಷಿಭೂಮಿ ಕೊಳ್ಳಬಹುದೆಂದು ಸರಕಾರ ಬಾಗಿಲು ತೆರೆಯಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಉದ್ಯಮಕ್ಕೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಆ ರೈತರಿಗೆ ಮಣ್ಣಿನ ಬೆಲೆ ಗೊತ್ತಿತ್ತು. ಮಾರಿದವನಿಗೆ ಹಣ ಕೆಲವು ವರ್ಷ, ಉಳಿಸಿಕೊಂಡವನಿಗೆ ಅನ್ನ ತಲೆಮಾರುಗಳವರೆಗೆ ಎಂಬುದನ್ನು ಅವರು ಅರಿತಿದ್ದರು.

ನೀರಿನ ಲೆಕ್ಕವನ್ನೂ ಮಾಡಬೇಕು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹರಿಯುತ್ತಿದ್ದ ಅರ್ಕಾವತಿಯ ನೀರನ್ನು 1890ರ ದಶಕದಿಂದಲೇ ಹೆಸರಘಟ್ಟ ಕೆರೆಯ ಮೂಲಕ ಬೆಂಗಳೂರು ಕುಡಿಯಿತು. ಪ್ರತಿಯಾಗಿ ಇಂದು ಹೆಬ್ಬಾಳ-ನಾಗವಾರ ಯೋಜನೆಯ ಮೂಲಕ ನಗರ ನಮ್ಮ ಕೆರೆಗಳಿಗೆ ಕಳುಹಿಸುತ್ತಿರುವುದು ಎರಡು ಹಂತ ಶುದ್ಧೀಕರಿಸಿದ ಚರಂಡಿ ನೀರು. 2024ರ ಬೇಸಗೆಯಲ್ಲಿ ನಗರದ ಐಷಾರಾಮಿ ವಸತಿ ಸಮುಚ್ಚಯಗಳ ಮುಂದೆಯೂ ಟ್ಯಾಂಕರುಗಳು ಸಾಲುಗಟ್ಟಿದವು. ಆ ಟ್ಯಾಂಕರು ತುಂಬಿಕೊಳ್ಳುವುದು ಯಾವುದೋ ಹಳ್ಳಿಯ ಕೊಳವೆಬಾವಿಯಿಂದಲೇ ಅಲ್ಲವೇ? ಮೇಲೆ ಈಜುಕೊಳ ತುಂಬಲು ಕೆಳಗೆ ಯಾರದೋ ಕೊಡ ಬರಿದಾಗಬೇಕೆ?

ಬಹುಮಹಡಿ ಕಟ್ಟಡವೇ ತಪ್ಪು, ಸಂಪತ್ತೇ ಪಾಪ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಇಕ್ಕಟ್ಟಿನ ನಗರದಲ್ಲಿ ಒಂದೇ ನಿವೇಶನದ ಮೇಲೆ ನೂರು ಕುಟುಂಬಗಳಿಗೆ ಸೂರು ಕೊಡುವ ಕಟ್ಟಡ ಅಗತ್ಯವೇ ಸರಿ. ಪೆಂಟ್‌ಹೌಸ್‌ನ ತರ್ಕ ಅದಕ್ಕೆ ತದ್ವಿರುದ್ಧ. ಹತ್ತು ಕುಟುಂಬಗಳು ನೆಲೆಸಬಹುದಾದ ಜಾಗವನ್ನು ಒಂದೇ ಕುಟುಂಬ ಆಕ್ರಮಿಸುವುದರಲ್ಲಿಯೇ ಅದರ ಪ್ರತಿಷ್ಠೆ ಅಡಗಿದೆ. ಅಲ್ಲಿ ಮಾರಾಟವಾಗುವ ನಿಜವಾದ ಸರಕು ನೆರೆಹೊರೆಯಿಲ್ಲದ ಬದುಕು. ಎತ್ತರದ ಕಟ್ಟಡಗಳಲ್ಲಿ ಜನರು ಪೈಪೋಟಿಗಿಳಿಯುವುದನ್ನು ಪ್ರವಾದಿ(ಸ) ಅಂತ್ಯಕಾಲದ ಕುರುಹುಗಳಲ್ಲೊಂದಾಗಿ ಎಣಿಸಿದ್ದಾರೆ. ಎಚ್ಚರಿಕೆಯಿರುವುದು ಆ ಪೈಪೋಟಿಯ ಬಗ್ಗೆ. ಅರೇಬಿಯಾವನ್ನು ಆಳಿದ ಅವರ ಮನೆ ಹಸಿ ಇಟ್ಟಿಗೆ, ಖರ್ಜೂರದ ಗರಿಗಳ ಪುಟ್ಟ ಕೋಣೆಗಳಾಗಿದ್ದವು. ನೆರೆಯವನ ಹಸಿವು ತಿಳಿಯದಷ್ಟು ಎತ್ತರಕ್ಕೆ ಏರಿದವನು ನೆರೆಯವನ ಹಕ್ಕನ್ನು ಸಲ್ಲಿಸುವುದಾದರೂ ಹೇಗೆ?

ಎಲ್ಲಕ್ಕಿಂತ ಕಹಿಯಾದ ಸತ್ಯವೊಂದಿದೆ. ಮುಂಬಯಿಯ ಆಲ್ಟಮೌಂಟ್ ರಸ್ತೆಯಲ್ಲಿ ಅಂಬಾನಿಯವರ 27 ಅಂತಸ್ತುಗಳ ಆಂಟಿಲಿಯಾ ನಿಂತಿರುವ ಜಾಗ ಕರೀಂಭಾಯಿ ಇಬ್ರಾಹೀಂ ಖೋಜಾ ಯತೀಂಖಾನಾ ಟ್ರಸ್ಟಿಗೆ ಸೇರಿತ್ತು. ಅನಾಥ ಮಕ್ಕಳ ಹಿತಕ್ಕಾಗಿದ್ದ ಆ ಭೂಮಿ 2002ರಲ್ಲಿ ಸುಮಾರು 21 ಕೋಟಿ ರೂಪಾಯಿಗೆ ಮಾರಾಟವಾಯಿತು. ವಕ್ಫ್ ಮಂಡಳಿಯ ಆಕ್ಷೇಪ, ನ್ಯಾಯಾಲಯದ ವ್ಯಾಜ್ಯ ಎಲ್ಲವೂ ಆಮೇಲೆ ಬಂದವು. ಮಾರಾಟ ಪತ್ರಕ್ಕೆ ಸಹಿ ಹಾಕಿದವರು ಹೊರಗಿನವರಲ್ಲ, ಆ ಟ್ರಸ್ಟಿನವರೇ. 2025ರ ವಕ್ಫ್ ತಿದ್ದುಪಡಿ ಕಾಯಿದೆಯ ವಿರುದ್ಧ ನಾವು ಬೀದಿಗಿಳಿದೆವು. ಅದು ನ್ಯಾಯವೇ. ಆದರೆ ನಮ್ಮ ಊರಿನ ಮಸೀದಿ, ಖಬರಸ್ತಾನಗಳ ಸುತ್ತಲಿನ ಜಮೀನಿನ ದಾಖಲೆಗಳು ಎಲ್ಲಿವೆ, ಅದರ ಬಾಡಿಗೆ ಎಷ್ಟು ಎಂದು ನಮ್ಮದೇ ಜಮಾಅತ್ ಸಭೆಯಲ್ಲಿ ಎದ್ದು ನಿಂತು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ?

ದೊಡ್ಡಬಳ್ಳಾಪುರದ ಮಗ್ಗದ ಕಾರ್ಮಿಕ, ನೆಲಮಂಗಲದ ಗುಜರಿ ವ್ಯಾಪಾರಿ, ಹೊಸಕೋಟೆಯ ಲಾರಿ ಚಾಲಕ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಓದಿಸಲು ಹೆಣಗುತ್ತಿರುವಾಗ, ಸಮುದಾಯದ ಯಶಸ್ಸನ್ನು ಯಾರು ಎಷ್ಟನೇ ಮಹಡಿಯಲ್ಲಿದ್ದಾರೆ ಎಂಬುದರಿಂದ ಅಳೆಯುವ ರೋಗಕ್ಕೆ ಮದ್ದು ನಮ್ಮ ಮನೆಗಳಲ್ಲಿಯೇ ಆರಂಭವಾಗಬೇಕಾಗಿದೆ. ಮಗಳ ಸಂಬಂಧ ಕುದುರಿಸುವಾಗ ಹುಡುಗನ ಮನೆಯ ಮಹಡಿ ಎಣಿಸುವುದನ್ನು ಬಿಡೋಣ. ಬಡ್ಡಿಯ ಸಾಲದಲ್ಲಿ ಮೋಡ ಮುಟ್ಟುವ ಬದಲು ಇರುವ ಹೊಲವನ್ನು ಉಳಿಸಿಕೊಳ್ಳೋಣ. ಮಾರಲೇಬೇಕಾದರೆ, ಬಂದ ಹಣದಲ್ಲಿ ಸೋದರಿಯರ ಪಾಲನ್ನು, ಝಕಾತನ್ನು ಮೊದಲು ಕೊಟ್ಟು ಆಮೇಲೆ ಮನೆಯ ಮಾತಾಡೋಣ.

ನಿಕಾಹ್ ಸಮಾರಂಭದಲ್ಲಿ ಪುಸ್ತಿಕೆ ತೋರಿಸಿದ ಆ ಹಿರಿಯರಿಗೆ ಅಂದು ಹೇಳಲಾಗದ ಮಾತು ಇಷ್ಟೇ: ಎಷ್ಟನೇ ಮಹಡಿಯಲ್ಲಿ ಬದುಕಿದರೂ ಕೊನೆಗೆ ನಾವು ಇಳಿಯಬೇಕಾದದ್ದು ಆರಡಿ ಮಣ್ಣಿಗೆ. ಆ ಮಣ್ಣನ್ನೇ ಮಾರಿಬಿಟ್ಟರೆ ನಮ್ಮ ಮಕ್ಕಳು ಎಲ್ಲಿ ನಿಲ್ಲಬೇಕು?