ಸ್ಟಿರಾಯ್ಡ್ ಅಂದ್ರೆ ಬೆಚ್ಚಬೇಡಿ, ಕೇಳದೆ ಸುಮ್ಮನೂ ಇರಬೇಡಿ

ಗರ್ಭಕೋಶದಲ್ಲಿ ಗಡ್ಡೆ ಇದೆ, ಲ್ಯಾಪ್ರೋಸ್ಕೋಪಿ ಮಾಡಿ ತೆಗೆದುಬಿಡೋಣ ಅಂತ ಡಾಕ್ಟರು ಹೇಳಿದ್ದಾರೆ. ದಿನವೂ ಗೊತ್ತಾಗಿದೆ. ಹಿಂದಿನ ದಿನ ಅರಿವಳಿಕೆ ಡಾಕ್ಟರು ಬಂದು, ‘ವಾಂತಿ ಆಗದಿರಲಿ ಅಂತ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಡ್ತೀವಿ’ ಅಂದ ಕೂಡಲೇ ನಿಮ್ಮ ಎದೆ ಧಸಕ್ಕೆಂದಿತು, ಅಲ್ವಾ? ಮುಖ ಊದುತ್ತೆ, ಮೈ ಬರುತ್ತೆ, ಮೂಳೆ ಸವೆಯುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದೆಲ್ಲ ಒಟ್ಟಿಗೇ ನೆನಪಾಗುತ್ತೆ.

ಅವರು ಹೇಳಿದ್ದು ಸುಳ್ಳೇನಲ್ಲ. ಆದರೆ ಅದು ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗಿದವರ ಕಥೆ. ಇಲ್ಲಿ ಕೊಡೋದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ, ಹಳೆಯ ಔಷಧಿಯ ಒಂದೇ ಒಂದು ಡೋಸ್. ಸಾಮಾನ್ಯವಾಗಿ 4ರಿಂದ 8 ಮಿಲಿಗ್ರಾಂ, ಅಷ್ಟೇ.

ಯಾಕೆ ಬೇಕು ಅಂತೀರಾ? ಆಪರೇಷನ್ ಆದಮೇಲೆ ಯಾರಿಗೆ ವಾಂತಿ ಹೆಚ್ಚು ಎಂಬುದಕ್ಕೆ 1999ರಲ್ಲಿ ಕ್ರಿಶ್ಚಿಯನ್ ಆಪ್ಫೆಲ್ ಎಂಬ ವೈದ್ಯರು ಮತ್ತು ಸಂಗಡಿಗರು ನಾಲ್ಕು ಲಕ್ಷಣ ಗುರುತಿಸಿದರು. ಹೆಣ್ಣಾಗಿರುವುದು ಒಂದು. ಸಿಗರೇಟ್ ಸೇದದಿರುವುದು ಎರಡು. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗಿದರೆ ಹೊಟ್ಟೆ ತೊಳಸುವುದು, ಅಥವಾ ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾಗಿದ್ದುದು ಮೂರು. ಆಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುವುದು ನಾಲ್ಕು. ನಾಲ್ಕೂ ಇದ್ದು ಮುಂಜಾಗ್ರತೆ ವಹಿಸದಿದ್ದರೆ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ವಾಕರಿಕೆ, ವಾಂತಿ. ನಮ್ಮಲ್ಲಿ ಬಹಳಷ್ಟು ಗೃಹಿಣಿಯರಿಗೆ ಮೊದಲೆರಡು ಹೇಗೂ ಇದ್ದೇ ಇವೆ! ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು ವಾಂತಿ ಮಾಡೋ ಸಂಕಟ ಅನುಭವಿಸಿದವರಿಗೇ ಗೊತ್ತು. ಈ ಇಂಜೆಕ್ಷನ್ ಅದನ್ನು ತಗ್ಗಿಸುತ್ತೆ, ನೋವನ್ನೂ ಸ್ವಲ್ಪ ಕಡಿಮೆ ಮಾಡುತ್ತೆ. ನಿಧಾನಕ್ಕೆ ಕೆಲಸ ಮಾಡುವುದರಿಂದ ಆಪರೇಷನ್ನಿನ ಶುರುವಿನಲ್ಲೇ ಕೊಡುತ್ತಾರೆ. ಎಚ್ಚರ ಇರುವಾಗ ಬೇಗ ಚುಚ್ಚಿದರೆ ಕೆಲವರಿಗೆ ಕೆಳಭಾಗದಲ್ಲಿ ಸ್ವಲ್ಪ ಹೊತ್ತು ಉರಿ, ತುರಿಕೆ ಬರುತ್ತೆ. ಗಾಬರಿ ಬೇಡ.

ಗಾಯ ಕೀವಾಗುತ್ತೇನೋ ಎಂಬ ಅಳುಕೂ ಸಹಜ. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ಮಿಲಿಗ್ರಾಂ ಪಡೆದವರಲ್ಲಿ ಗಾಯದ ಸೋಂಕು ಹೆಚ್ಚಾಗಿರಲಿಲ್ಲ. ಸಕ್ಕರೆ ಕಾಯಿಲೆಯವರೂ ಅದರಲ್ಲಿದ್ದರು. ಆದರೆ ರಕ್ತದ ಸಕ್ಕರೆ ಒಂದು ದಿನದ ಮಟ್ಟಿಗೆ ಏರುವುದು ನಿಜ. ಆದ್ದರಿಂದ ಶುಗರ್ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಮಂಡಿನೋವಿಗೆ ಅಂತ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಮಾತ್ರೆ ತಗೊಳ್ತಿದ್ರೆ ಅದನ್ನೂ ಹೇಳಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಡಾಕ್ಟರ್ ಬರೆದ ಸ್ಟಿರಾಯ್ಡ್ ಮಾತ್ರೆಯನ್ನು ಆಪರೇಷನ್ ಇದೆ ಅಂತ ನೀವಾಗಿಯೇ ನಿಲ್ಲಿಸಬೇಡಿ.

ನನ್ನ ತಕರಾರು ಇಂಜೆಕ್ಷನ್ ಬಗ್ಗೆ ಅಲ್ಲ, ನಮ್ಮ ಮೌನದ ಬಗ್ಗೆ. ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತಾ ಅಂತ ಹತ್ತು ಸಲ ಕೇಳುವ ನಾವು, ಆಸ್ಪತ್ರೆಯಲ್ಲಿ ‘ನಮ್ಮೆಜಮಾನ್ರನ್ನ ಕೇಳಿ’ ಅಂತ ಫಾರಂ ಅತ್ತ ಸರಿಸಿಬಿಡ್ತೀವಿ. ಹೊಟ್ಟೆ ನಮ್ಮದು, ಸಹಿಯೂ ನಮ್ಮದೇ ಇರಲಿ. ಏನು ಕೊಡ್ತೀರಿ? ಎಷ್ಟು? ನನ್ನ ಸಕ್ಕರೆ ಯಾವಾಗ ನೋಡ್ತೀರಿ? ಈ ಮೂರು ಪ್ರಶ್ನೆಗೆ ಎರಡು ನಿಮಿಷ ಸಾಕು.

ಕೊನೆಯದಾಗಿ ಇನ್ನೊಂದು ಮಾತು. ವಾಂತಿ ಇಲ್ಲ, ನೋವು ಕಮ್ಮಿ, ಹೊರಗೆ ಮೂರ್ನಾಲ್ಕು ಸಣ್ಣ ತೂತು ಅಷ್ಟೇ ಅಂತ ಮನೆಗೆ ಬಂದ ಮರುದಿನವೇ ಕುಕ್ಕರ್ ಇಡಲು ಹೋಗಬೇಡಿ. ಒಳಗಿನ ಗಾಯಕ್ಕೆ ಅದರದೇ ಸಮಯ ಬೇಕು. ಎಷ್ಟು ದಿನ ಭಾರ ಎತ್ತಬಾರದು ಅನ್ನೋದನ್ನು ಗಂಡ, ಅತ್ತೆ ಎದುರಿಗಿರುವಾಗಲೇ ಡಾಕ್ಟರ ಬಾಯಿಂದ ಹೇಳಿಸಿ. ಚೇತರಿಕೆಯ ಉಳಿದರ್ಧ ಔಷಧಿ ಅದೇ!