ಮಳಿಗೆ ಬೀಗ ಮಾಲೀಕರದು, ಬಾಳು ಯಾರದು?

ಉಯ್ಯಂಬಳ್ಳಿ: "ಮುಂದಿನ ತಿಂಗಳಿಂದ ಮಳಿಗೆ ಖಾಲಿ ಮಾಡ್ಬಿಡಪ್ಪ."

ಮಾಲೀಕರು ಇದನ್ನ ನಗುತ್ತಲೇ ಹೇಳಬಹುದು, ಕಾಫಿ ಕುಡೀತಾ ಹೇಳಬಹುದು, ವಕೀಲರ ಕೈಲಿ ಪೋಸ್ಟಿನಲ್ಲೂ ಹೇಳಿಸಬಹುದು. ಹೇಗೆ ಹೇಳಿದರೂ ಹದಿನೈದು ಇಪ್ಪತ್ತು ವರ್ಷ ಒಂದೇ ಗಲ್ಲಾ ಪೆಟ್ಟಿಗೆ ಮುಂದೆ ಕೂತವನಿಗೆ ಅದು ಸಿಡಿಲು. ಕನಕಪುರ ತಾಲ್ಲೂಕಿನ ಈ ಹೋಬಳಿ ಊರಾಗಲಿ, ಆಚೆಯ ಸಾತನೂರು, ಕೋಡಿಹಳ್ಳಿಯಾಗಲಿ, ಮಾಗಡಿ ಪೇಟೆಯಾಗಲಿ, ಬಾಡಿಗೆ ಮಳಿಗೆಯಲ್ಲಿ ಬದುಕು ಕಟ್ಟಿಕೊಂಡ ಟೈಲರ್, ಪಂಚರ್ ಅಂಗಡಿಯವನು, ಟೀ ಹೋಟೆಲಿನವನು, ದಿನಸಿ ಅಂಗಡಿಯವನು ಎಲ್ಲರ ಎದೆಯಲ್ಲೂ ಇರುವ ಭಯ ಇದೊಂದೇ.

ಮನೆ ಬಿಟ್ಟವನು ಇನ್ನೊಂದು ಮನೆ ಹುಡುಕಬಹುದು. ಅಂಗಡಿ ಬಿಟ್ಟವನು ಗಿರಾಕಿಯನ್ನ ಗಂಟು ಕಟ್ಟಿಕೊಂಡು ಹೋಗೋಕಾಗುತ್ತಾ? ಬಸ್ಸಿಗೆ ಕಾಯೋ ಜನ ಎದುರಿಗೆ ಸಿಕ್ಕ ಅಂಗಡಿಗೆ ಹೋಗ್ತಾರೆ. ಎರಡು ಫರ್ಲಾಂಗ್ ಆಚೆ ಹೋದರೆ ಅದೇ ಟೀ, ಅದೇ ಕೈ, ಆದ್ರೆ ಕುಡಿಯೋರಿಲ್ಲ. ಉದ್ರಿ ಪುಸ್ತಕದಲ್ಲಿ ಬಾಕಿ ಇಟ್ಟವರಂತೂ ಹೊಸ ವಿಳಾಸ ಕೇಳೋದೇ ಇಲ್ಲ. ಸಣ್ಣ ವ್ಯಾಪಾರದಲ್ಲಿ ಬಂಡವಾಳ ಅಂದರೆ ಸರಕು ಅರ್ಧ, ಜಾಗ ಅರ್ಧ. ಆ ಅರ್ಧ ಮಾತ್ರ ಬೇರೆಯವರದು!

ದೊಡ್ಡ ಹೆಸರಿಗೂ ತಪ್ಪಲಿಲ್ಲ

ಇದು ಹಳ್ಳಿ ಅಂಗಡಿಯವನ ಹಣೆಬರಹ ಮಾತ್ರ ಅಂತ ಯಾರೂ ತಿಳೀಬೇಡಿ. ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ನೆನಪಿರುವವರು ಈ ಕಡೆಯೂ ಇದ್ದಾರೆ. ಬಿಳಿ ಸಮವಸ್ತ್ರ, ತಲೆಗೆ ಪೇಟ, ಕೈಲಿ ಬಿಸಿ ಕಾಫಿ. ಅದನ್ನ ನಡೆಸಿದ್ದು ಯಾವ ಸಾಹುಕಾರನೂ ಅಲ್ಲ, ಕೆಲಸಗಾರರೇ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನ ಮುಚ್ಚಲು ಹೊರಟಾಗ, ಕೆಲಸ ಕಳಕೊಳ್ಳೋ ನೌಕರರು ಎ.ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ.

ಅರ್ಧ ಶತಮಾನ ಕಾಫಿ ಕೊಟ್ಟರು. ಹೆಸರಿತ್ತು, ಗಿರಾಕಿ ಇತ್ತು, ಪತ್ರಿಕೆಗಳ ಬೆಂಬಲ ಇತ್ತು. ಕಟ್ಟಡ ಮಾತ್ರ ಅವರದಲ್ಲ. ಮಾಲೀಕರ ಜೊತೆ ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಸೋತು 2009ರ ಏಪ್ರಿಲ್‌ನಲ್ಲಿ ಎಂ.ಜಿ. ರಸ್ತೆಯ ಬಾಗಿಲು ಹಾಕಿದರು. ಕೊನೇ ಕಾಫಿ ಕುಡಿಯೋಕೆ ಹಳೇ ಗಿರಾಕಿಗಳು ಬಂದರು. ಆದ್ರೆ ಜನರ ಪ್ರೀತಿ ಕೋರ್ಟಿನಲ್ಲಿ ದಾಖಲೆ ಆಗೋದಿಲ್ಲ.

ಕಥೆ ಅಲ್ಲಿಗೇ ಮುಗೀಲಿಲ್ಲ ಅನ್ನೋದು ಸಮಾಧಾನ. ಅದೇ ವರ್ಷ ಪಕ್ಕದ ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ಹೌಸ್ ಮತ್ತೆ ಬಾಗಿಲು ತೆರೆಯಿತು. ಹಿಂದೆ ಸಂಘ ಇತ್ತು, ಹೆಸರು ದೊಡ್ಡದಿತ್ತು, ಗಿರಾಕಿಗಳು ಹುಡುಕಿಕೊಂಡು ಬಂದರು. ಒಬ್ಬನೇ ಹೊಲಿಗೆ ಮಿಷನ್ ತುಳಿಯೋ ಟೈಲರಿಗೆ ಆ ಎರಡನೇ ಜನ್ಮ ಎಲ್ಲಿಂದ ಬರಬೇಕು?

ಕಾನೂನಿನ ನೆರಳು ಎಷ್ಟು ಉದ್ದ?

"ಬಾಡಿಗೆದಾರನನ್ನ ಎಬ್ಬಿಸೋಕೆ ಯಾರಿಂದಲೂ ಆಗಲ್ಲ, ಕಾನೂನು ನಮ್ಮ ಕಡೆ ಇದೆ" ಅನ್ನೋ ಮಾತು ಬಸ್ ಸ್ಟಾಂಡಿನ ಕಟ್ಟೆ ಮೇಲೆ ಈಗಲೂ ಕೇಳುತ್ತೆ. ಅದು ಹಳೇ ಕಾಲದ ಮಾತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ದಿನಗಳಲ್ಲಿ ಅದರಲ್ಲಿ ಸ್ವಲ್ಪ ಹುರುಳಿತ್ತು. ಆ ಕಾಯ್ದೆ ಹೋಗಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೇ ದಿನ ಜಾರಿಗೆ ಬಂತು.

ಹೊಸ ಕಾಯ್ದೆಯ ಕೊಡೆ ಚಿಕ್ಕದು. ಅದು ಪಟ್ಟಿಯಲ್ಲಿರುವ ಊರುಗಳಿಗೆ ಮಾತ್ರ. ಅಲ್ಲೂ ವ್ಯಾಪಾರದ ಮಳಿಗೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ದಾಟಿದರೆ ಕೊಡೆಯಿಂದ ಆಚೆ. ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ದಾಟಿದರೂ ಆಚೆ. ಇವತ್ತು 2000 ರೂಪಾಯಿಗೆ ಎಂಥ ಮಳಿಗೆ ಸಿಗುತ್ತೆ ಅನ್ನೋದನ್ನ ಅಂಗಡಿಯವರೇ ಹೇಳಬೇಕು.

ಕೊಡೆಯಿಂದ ಆಚೆ ನಿಂತವನಿಗೆ ಇರೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆ ಮುಗಿಸೋಕೆ ಹದಿನೈದು ದಿನದ ನೋಟೀಸು ಸಾಕು. ಇಪ್ಪತ್ತು ವರ್ಷದ ವ್ಯಾಪಾರಕ್ಕೆ ಹದಿನೈದು ದಿನ! ಕಾರಣ ಕೂಡ ಹೇಳಬೇಕಾಗಿಲ್ಲ.

"ನಮ್ಮ ಹತ್ರ ಐದು ವರ್ಷದ ಅಗ್ರಿಮೆಂಟ್ ಇದೆಯಲ್ಲ ಸ್ವಾಮಿ?" ಅಂತ ಕೆಲವರು ಛಾಪಾ ಕಾಗದ ತೋರಿಸ್ತಾರೆ. ರಿಜಿಸ್ಟರ್ ಆಗಿದೆಯಾ? ಇಲ್ಲ. ಒಂದು ವರ್ಷ ಮೀರಿದ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗದಿದ್ದರೆ ಐದು ವರ್ಷ ಅಂತ ಬರೆದ ಕಾಗದವನ್ನ ನಂಬಿಕೊಂಡು ಐದು ವರ್ಷ ಕೂರೋಕಾಗಲ್ಲ. ಅದು ತಿಂಗಳ ಬಾಡಿಗೆ ಲೆಕ್ಕಕ್ಕೇ ಇಳಿಯುತ್ತೆ. ನೋಂದಣಿ ಖರ್ಚು ಉಳಿಸೋಕೆ ಎಲ್ಲರೂ ಹನ್ನೊಂದು ತಿಂಗಳ ಕಾಗದ ಬರೆಸೋದು. ಖರ್ಚು ಉಳಿಯುತ್ತೆ, ನೆಲೆ ಉಳಿಯೋದಿಲ್ಲ.

ರಿಜಿಸ್ಟರ್ ಆದ ಗುತ್ತಿಗೆ ಇದ್ದರೆ ಮಾತೇ ಬೇರೆ. ಷರತ್ತು ಮುರಿಯದೆ ನಡೆದುಕೊಂಡರೆ ಅವಧಿ ಮುಗಿಯೋ ತನಕ ಜಾಗ ಗಟ್ಟಿ. ನಡುವೆ ಮಾಲೀಕರು ಕಟ್ಟಡ ಮಾರಿದರೂ ಕೊಂಡವರು ಆ ಗುತ್ತಿಗೆಗೆ ತಲೆಬಾಗಬೇಕು.

ಪಂಚಾಯ್ತಿ ಮಳಿಗೆ ಹಿಡಿದವರ ದಾರಿ ಇನ್ನೊಂದು. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಂದ ಎಬ್ಬಿಸೋಕೆ 1974ರ ಬೇರೆ ಕಾಯ್ದೆಯೇ ಇದೆ. ಹರಾಜಿನ ಅವಧಿ ಮುಗಿದ ಮೇಲೂ ಕೂತವರು ಅದನ್ನ ನೆನಪಿಡಬೇಕು.

ಬೀಗ ಒಡೆಯೋ ಹಕ್ಕಿಲ್ಲ

ಹಾಗಂತ ಮಾಲೀಕರು ರಾತ್ರೋರಾತ್ರಿ ಆಳು ಕರಕೊಂಡು ಬಂದು ಸಾಮಾನು ಬೀದಿಗೆ ಎಸೆಯೋ ಹಾಗಿಲ್ಲ. ಕರೆಂಟು ಕಿತ್ತು, ಮೇಲೊಂದು ಬೀಗ ಜಡಿದು ಕಾಟ ಕೊಡೋ ಹಾಗೂ ಇಲ್ಲ. ನೋಟೀಸಿನ ಗಡುವು ಮುಗಿದರೂ ಬಾಡಿಗೆದಾರ ಏಳದಿದ್ದರೆ ಕೋರ್ಟಿಗೆ ಹೋಗಿ ಆದೇಶ ತರಬೇಕು. ನೆಲೆ ನಿಂತ ಸ್ವಾಧೀನದಲ್ಲಿ ಇರುವವನನ್ನ ನಿಜವಾದ ಮಾಲೀಕ ಕೂಡ ಬಲವಂತದಿಂದ ಹೊರಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2003ರಲ್ಲಿ ಹೇಳಿದೆ. ಕಾನೂನು ಬಿಟ್ಟು ಹೊರದಬ್ಬಿದರೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಜಾಗ ವಾಪಸು ಕೇಳಬಹುದು. ಆರು ತಿಂಗಳು ದಾಟಿದರೆ ಆ ಸುಲಭದ ಬಾಗಿಲು ಮುಚ್ಚಿತು.

ಆದರೆ ಸ್ವಾಧೀನ ಇದೆ ಅಂತ ಸಾಬೀತು ಮಾಡೋಕೆ ಕೈಲೇನಿರಬೇಕು? ಇಲ್ಲೇ ನಮ್ಮವರು ಸೋಲೋದು. ಬಾಡಿಗೆ ಕೈಯಿಂದ ಕೈಗೆ, ರಶೀದಿ ಇಲ್ಲ. ಅಡ್ವಾನ್ಸ್ ಕೊಟ್ಟಿದ್ದಕ್ಕೆ ದೇವರೇ ಸಾಕ್ಷಿ. "ಅಣ್ಣನ ಹತ್ರ ರಶೀದಿ ಕೇಳೋದೇ?" ಅನ್ನೋ ಸಂಕೋಚ. ಅಣ್ಣ ಇರೋ ತನಕ ಸರಿ. ಅಣ್ಣ ಹೋಗಿ ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ದಿನ, ಯಾವ ಅಡ್ವಾನ್ಸು, ಯಾವ ಮಾತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾಲೀಕರದೂ ಒಂದು ಮಾತು

ಎಲ್ಲ ಮಾಲೀಕರೂ ರಾಕ್ಷಸರಲ್ಲ. ಗಂಡ ಬಿಟ್ಟುಹೋದ ಎರಡು ಮಳಿಗೆಯ ಬಾಡಿಗೆಯಲ್ಲೇ ಔಷಧಿ, ಮೊಮ್ಮಕ್ಕಳ ಫೀಸು ನಡೆಸೋ ವಿಧವೆಯರಿದ್ದಾರೆ. ಅಕ್ಕಿ ಬೆಲೆ ಏರಿದೆ, ಸಿಮೆಂಟ್ ಬೆಲೆ ಏರಿದೆ, ಬಾಡಿಗೆ ಮಾತ್ರ ಹತ್ತು ವರ್ಷದ ಹಿಂದಿನದು ಅಂದರೆ ಅವರೇನು ಮಾಡಬೇಕು? ತಾನೇ ಬಾಡಿಗೆಗೆ ಹಿಡಿದ ಮಳಿಗೆಯನ್ನ ಇನ್ನೊಬ್ಬನಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟು ನಡುವೆ ಲಾಭ ತಿನ್ನೋ ಬಾಡಿಗೆದಾರರೂ ಇಲ್ಲದಿಲ್ಲ.

ಆದರೆ ಈಗಿನ ಒತ್ತಡದ ಬೇರು ಬೇರೆ ಕಡೆ ಇದೆ. ಬೆಂಗಳೂರು ಕನಕಪುರ ರಸ್ತೆ ಹಿಡಿದು ಈ ಕಡೆಗೇ ಬೆಳೀತಾ ಬಂದಿದೆ. ಹೆದ್ದಾರಿ ಅಗಲವಾಯಿತು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಅಂತಾಯಿತು. ಹೆಸರು ಬದಲಾದ ಮಾತ್ರಕ್ಕೆ ಟೀ ಅಂಗಡಿಯ ವ್ಯಾಪಾರ ಏರೋದಿಲ್ಲ. ಮಾಲೀಕರ ಮನಸ್ಸಿನಲ್ಲಿ ಜಾಗದ ಬೆಲೆ ಏರೋಕೆ ಮಾತ್ರ ಅಷ್ಟು ಸಾಕು. ನಗರದ ಲೆಕ್ಕದಲ್ಲಿ ಬಾಡಿಗೆ, ಹಳ್ಳಿಯ ಲೆಕ್ಕದಲ್ಲಿ ವ್ಯಾಪಾರ. ಇವೆರಡರ ನಡುವೆ ಸಿಕ್ಕಿಹಾಕಿಕೊಂಡವನೇ ಸಣ್ಣ ಅಂಗಡಿಯವನು.

ಮಾಡಬೇಕಾದ್ದೇನು?

ಬಾಡಿಗೆಯನ್ನ ಬ್ಯಾಂಕಿನ ಮೂಲಕ ಕೊಡಿ. ಮಾಲೀಕರು ತಗೊಳ್ಳೋಕೆ ನಿರಾಕರಿಸಿದರೆ ಮನಿಯಾರ್ಡರ್ ಮಾಡಿ, ವಾಪಸು ಬಂದ ಚೀಟಿಯನ್ನೂ ಜೋಪಾನ ಮಾಡಿ. ಬಾಕಿದಾರ ಅನ್ನೋ ಹಣೆಪಟ್ಟಿಯಿಂದ ಅದೇ ಕಾಪಾಡೋದು. ಅಡ್ವಾನ್ಸಿಗೆ ಬರಹದ ರಶೀದಿ ಇರಲಿ. ವ್ಯಾಪಾರ ಗಟ್ಟಿಯಾದ ಮೇಲಾದರೂ ಐದು ವರ್ಷದ ಗುತ್ತಿಗೆ ರಿಜಿಸ್ಟರ್ ಮಾಡಿಸಿ, ವರ್ಷಕ್ಕೆ ಇಷ್ಟು ಏರಿಕೆ ಅಂತ ಅದರಲ್ಲೇ ಬರೆಸಿ. ಮಾಲೀಕರಿಗೂ ನ್ಯಾಯ, ನಿಮಗೂ ನಿದ್ದೆ. ನಿಮ್ಮ ಕೈಯಿಂದ ಹಾಕಿಸಿದ ರ‍್ಯಾಕು, ಬೋರ್ಡು ಕಿತ್ತುಕೊಂಡು ಹೋಗೋ ಹಕ್ಕು ನಿಮ್ಮದು. ಆದ್ರೆ ಜಾಗ ನಿಮ್ಮ ಕೈಲಿರೋವಾಗಲೇ ಅದನ್ನ ಮಾಡಬೇಕು, ಕೀಲಿ ಕೊಟ್ಟ ಮೇಲಲ್ಲ. ನೋಟೀಸು ಬಂದರೆ ಪೋಸ್ಟ್‌ಮ್ಯಾನ್‌ನಿಂದ ಓಡಬೇಡಿ. ತಗೊಂಡು ಅದೇ ದಿನ ವಕೀಲರಿಗೆ ತೋರಿಸಿ.

ಊರಿನ ಹಿರಿಯರಿಗೂ ಒಂದು ಕೆಲಸ ಇದೆ. ಕೋರ್ಟು ಮೆಟ್ಟಿಲು ಹತ್ತೋ ಮೊದಲು ಇಬ್ಬರನ್ನೂ ಕೂರಿಸಿ, ಎಷ್ಟು ಬಾಡಿಗೆ, ಎಷ್ಟು ಗಡುವು ಅಂತ ಮಾತಾಡಿಸಿದರೆ ಆರು ತಿಂಗಳ ಉಸಿರಾದರೂ ಸಿಗುತ್ತೆ. ಆರು ತಿಂಗಳು ಸಿಕ್ಕರೆ ಹಳೇ ಅಂಗಡಿ ಬಾಗಿಲ ಮೇಲೆ ಹೊಸ ವಿಳಾಸ ಬರೆದು ಗಿರಾಕಿಯನ್ನ ಕೈಹಿಡಿದು ಕರಕೊಂಡು ಹೋಗಬಹುದು.

ಕಾಫಿ ಹೌಸಿನವರಿಗೆ ಆ ಅವಕಾಶ ಸಿಕ್ಕಿತು. ಉಯ್ಯಂಬಳ್ಳಿಯ ಟೈಲರಿಗೆ ಸಿಗೋದು ಹದಿನೈದು ದಿನ. ಹೊಲಿದು ಮುಗಿಸಬೇಕಾದ ಬಟ್ಟೆಗಳೇ ಅದಕ್ಕಿಂತ ಜಾಸ್ತಿ ಇರುತ್ತವೆ.